ಕಡಲ ಬದಿಯ ಕೋಣೆ

ದರಪಟ್ಟಿಯಲ್ಲಿ ಈಗಲೂ ಅಚ್ಚಾಗಿದೆ:
ಕಡಲ ಬದಿಯ ಕೋಣೆಗೆ ಆರು ದಿನಾರು ಜಾಸ್ತಿ.
ಕಡಲು ಹೋಗಿ ಇಪ್ಪತ್ತೆರಡು ವರ್ಷವಾಯಿತು.

ಮನಾಮದ ಈ ಮರ್ಸಾ ಹೋಟೆಲಿಗೆ ನಾನು ಬಂದಾಗ
ಹಿಂಬಾಗಿಲ ಮೂರನೇ ಮೆಟ್ಟಿಲ ತನಕ ಉಬ್ಬರ ಬರುತ್ತಿತ್ತು.
ತಾರಸಿಯಲ್ಲಿ ಹಾಸು ಒಣಹಾಕಿದರೆ ಉಪ್ಪು ಹಿಡಿಯುತ್ತದೆಂದು
ಥೆಲ್ಮಾ ಮೇಡಂ ಬೈಯುತ್ತಿದ್ದರು:
ಇಲ್ಲಿ ಮಲಗುವವರು ಪೈಲಟುಗಳು, ಎಣ್ಣೆ ಕಂಪನಿಯ ದೊರೆಗಳು,
ಬೊಂಬಾಯಿಯ ಮುತ್ತಿನ ಸೇಟುಗಳು, ಕೇಳಿತಾ ಪುತ್ರನ್?
ನಿನ್ನ ಬಂಗುಡೆಗಳಲ್ಲ.
ನಾನು ಬೆಂಗ್ರೆಯ ಮೊಗವೀರ.
ಉಪ್ಪಿಲ್ಲದ ಬಟ್ಟೆಯ ವಾಸನೆ ನೋಡಿದ್ದೇ ಇಲ್ಲಿ.

ಲಾಬಿಯ ತೂಗುದೀಪಕ್ಕೆ ವರ್ಷಕ್ಕೊಂದು ಮಜ್ಜನ.
ಗಾಜಿನ ಹನಿಗಳನ್ನು ಎಣಿಸಿ ಬಿಚ್ಚಿ, ಎಣಿಸಿ ಕಟ್ಟಬೇಕು;
ಒಂದು ಕಡಿಮೆಯಾದರೂ ಸಂಬಳದಲ್ಲಿ ಹಿಡಿತ.

ಆಮೇಲೆ ಲಾರಿಗಳು ಬಂದವು.
ಹಗಲೂ ರಾತ್ರಿ ಕಲ್ಲು, ಮರಳು, ಕಲ್ಲು.
ನಮ್ಮೂರ ಕಡಲಾದರೆ ತಡೆಗೋಡೆಯ ಬಂಡೆಯನ್ನೇ ನುಂಗಿ
ವಸೂಲಿಗೆ ಬಂದವರ ಹಾಗೆ ಅಂಗಳದಲ್ಲಿ ನಿಲ್ಲುತ್ತದೆ.
ಇಲ್ಲಿಯದು ಜಗಳವಾಡಲಿಲ್ಲ.
ಮೊದಲು ಒಂದು ರಸ್ತೆಯಾಚೆ,
ಆಮೇಲೆ ಒಂದು ಬ್ಯಾಂಕಿನಾಚೆ,
ಆಮೇಲೆ ಕಾಣಲೇ ಇಲ್ಲ.

ಪ್ರತಿ ಜೂನಿಗೆ ಬರುತ್ತಾರೆ ಜುಮಾ ಮರ್ಹೂನ್.
ಮನೆ ಮುಹರ್ರಕ್ಕಿನಲ್ಲೇ, ಕಾರಿನಲ್ಲಿ ಕಾಲು ಗಂಟೆ.
ಆದರೂ ಒಂದು ರಾತ್ರಿಗೆ ಇನ್ನೂರ ಹದಿನಾಲ್ಕೇ ಬೇಕು.
ಕೌಂಟರಿನ ಹೊಸ ಹುಡುಗಿ ಒಮ್ಮೆ ನಾಚಿ
ಆ ಆರು ದಿನಾರು ಬೇಡ ಸಾರ್, ಕಡಲಿಲ್ಲವಲ್ಲ ಅಂದಳು.
ಇಟ್ಟುಕೋ ಮಗಳೇ, ಅದರ ಲೆಕ್ಕ ಬೇರೆ, ಅಂದರಂತೆ.

ಅವರಪ್ಪ ಮುತ್ತಿಗೆ ಮುಳುಗುತ್ತಿದ್ದವರು.
ಮೂಗಿಗೆ ಚಿಮಟ, ಕಾಲಿಗೆ ಕಲ್ಲು, ಹೆಗಲಿಗೆ ಅಜ್ಜನ ಸಾಲ.
ಅವರ ದೋಣಿ ಹೊರಡುತ್ತಿದ್ದ ಜಾಗದಲ್ಲೀಗ
ಏಳು ಅಂತಸ್ತಿನ ಕಾರ್ ಪಾರ್ಕಿಂಗು.
ಕಳೆದ ವರ್ಷ ಟವೆಲು ಇಡಲು ಹೋದಾಗ
ಕಿಟಕಿ ತೆರೆದು ಮೂಗೆತ್ತಿ ನಿಂತಿದ್ದರು.
ಗಾಳಿಯಲ್ಲಿ ಉಪ್ಪಿಲ್ಲ, ಅಂದರು ಅರಬಿಯಲ್ಲಿ,
ನನಗೆ ತಿಳಿಯುವಷ್ಟು ನಿಧಾನವಾಗಿ.

ಈ ಸಲ, ರಜೆಯ ಶುಕ್ರವಾರ,
ಅಂಗಿಯೊಳಗೊಂದು ದಿಂಬಿನ ಕವರು ಮಡಚಿಟ್ಟು
ಎರಡು ಬಸ್ಸು ಬದಲಿಸಿ ಹೋದೆ.
ಒಂದು ಮಾಲಿನ ಹಿಂದೆ, ಬೇಲಿಯ ಕಂಡಿಯಲ್ಲಿ ಸಿಕ್ಕಿತು
ಸ್ವಲ್ಪ ಡೀಸೆಲಿನ, ಸ್ವಲ್ಪ ನಮ್ಮೂರಿನ ಕಡಲು.
ಮೂರು ಸಲ ಅದ್ದಿದೆ. ಹಿಂಡಲಿಲ್ಲ.
ಇಸ್ತ್ರಿಯಡಿ ಹಪ್ಪಳದ ಹಾಗೆ ಸದ್ದು ಮಾಡಿತು.
ಥೆಲ್ಮಾ ಮೇಡಂ ಈಗ ಗೋವಾದ ಮಣ್ಣಲ್ಲಿದ್ದಾರೆ, ಕ್ಷಮಿಸಲಿ.

ಬೆಳಿಗ್ಗೆ ಇನ್ನೂರ ಹದಿನಾಲ್ಕು ಖಾಲಿ.
ಹಾಸು ಎರಡು, ಟವೆಲು ನಾಲ್ಕು, ದಿಂಬು ಎರಡು,
ಕವರು ಒಂದೇ.

ಪುಸ್ತಕದಲ್ಲಿ ನನ್ನ ಹೆಸರಿಗೇ ಬರೆದುಕೊಂಡೆ:
ಲೋಕಯ್ಯ ಪುತ್ರನ್. ದಿಂಬಿನ ಕವರು, ಒಂದು.
ಬಾಕಿ.