ಮೂಲ

ಎಪ್ಪತ್ತಾರನೇ ಇಸವಿ, ಉಡುಪಿ.
ಭೂನ್ಯಾಯ ಮಂಡಳಿಗೆ ನಾನು ಟೈಪಿಸ್ಟು,
ಒತ್ತಕ್ಷರಕ್ಕೆ ಸಿಕ್ಕಿಬೀಳುವ ಮೆಷಿನ್ನು.

"ಭೂಮಿ ಬೀಡಿಗೆ ಬಂದದ್ದು ಹೇಗೆ?"

ಕಾಂತಣ್ಣ ಅಡ್ಯಂತಾಯರು ಶಾಲು ಸರಿಮಾಡಿಕೊಂಡರು.
ಬಾರಕೂರಿನ ಅರಸನ ದಂಡು ಹೊಳೆ ದಾಟಲಾರದೆ ನಿಂತಾಗ
ನಮ್ಮ ಹಿರಿಯ ದೋಣಿಗೆ ದೋಣಿ ಕಟ್ಟಿ ಸಂಕ ಮಾಡಿದ.
ಮೆಚ್ಚಿ ಕೊಟ್ಟದ್ದು ಏಳು ಬೈಲು, ಒಂದು ಪಲ್ಲಕ್ಕಿ.
ಬದಲಿಗೆ ಕರೆದಾಗ ಹದಿನಾರು ಬಿಲ್ಲಾಳು,
ದೀಪಾವಳಿಗೆ ಒಂದು ಕುಡ್ತೆ ಎಣ್ಣೆ.

ಬಿಲ್ಲಾಳು ಯಾರು?

ಅದು... ನಮ್ಮ ಒಕ್ಕಲು.

ಮಾವನಿಂದ ಅಳಿಯನಿಗೆ, ಅವನಿಂದ ಅವನ ಅಳಿಯನಿಗೆ,
ಹೆಸರು ಗಂಡಸರದು, ನೂಲು ಹೆಂಗಸರದು.
ಅರಸು ಅಳಿದ. ಇಕ್ಕೇರಿಯವರು ಶಿಸ್ತು ಹಾಕಿದರು.
ಕುಂಪಣಿಯ ದೊರೆ ಕುದುರೆ ಮೇಲೆ ಬಂದು
ಬಿಲ್ಲು ಬೇಡ, ರೂಪಾಯಿ ಸಾಕು ಅಂದ.
ಬಿಲ್ಲು ಹೋಯಿತು.
ಗೇಣಿ ಉಳಿಯಿತು.

ಮುಕ್ಕಾಲು ಗಂಟೆ. ನನಗೆ ಮೂರು ಪುಟ.

ಆಮೇಲೆ ತುಕ್ರು ಪೂಜಾರ್ತಿ.
ಚೀಟಿ ಉಂಟಾ?
ಕೊಟ್ಟದ್ದಿಲ್ಲ.
ಸಾಕ್ಷಿ?
ಅವಳು ಗದ್ದೆಗಳ ಹೆಸರು ಹೇಳತೊಡಗಿದಳು,
ಯಾವ ಹುಣಿಯಲ್ಲಿ ಏಡಿಯ ಮಾಟೆ,
ಯಾವ ಕಂಟದಲ್ಲಿ ಉಪ್ಪುನೀರು ನುಗ್ಗುವುದು,
ಯಾವುದರಲ್ಲಿ ಅವಳ ಅಜ್ಜಿ ನೇಜಿ ನೆಡುತ್ತಾ ಹೆತ್ತದ್ದು.
ಅಡ್ಯಂತಾಯರು ಕಿವಿಗೊಟ್ಟು ಕೇಳುತ್ತಿದ್ದರು,
ಊರಿಗೆ ಹೊಸಬರ ಹಾಗೆ.

ಹೊರಡುವಾಗ ತಿರುಗಿ ನಿಂತಳು:
"ಆ ಸಂಕದ ದೋಣಿ ಯಾರದ್ದಂತೆ, ಒಡೆಯಾ?"

ಅದನ್ನು ಟೈಪಿಸಬೇಡ ಎಂದರು ಅಧ್ಯಕ್ಷರು.

ಏಳನೇ ನಮೂನೆ. ಎರಡು ಬೆರಳಗಲದ ಕಾಲಂ:
ಯಾವಾಗಿನಿಂದ ಸಾಗುವಳಿ?
ಸಿಕ್ಕಿಬಿದ್ದ ಕೀಲಿ ಬಿಡಿಸಿ
ಒಂದೇ ಪದ ಹೊಡೆದೆ:
ಹಿಂದಿನಿಂದ.