ಅಳತೆ ಹಿಡಿದವನು

ಉಮ್ಮುಲ್ ಕುವೈನಿನ ಕಾಂಡ್ಲಾಗಿಡ ದಾಟಿದರೆ
ಮೊಣಕಾಲೆತ್ತರದ ಇಗರ್ಜಿ.
ಹವಳದ ಕಲ್ಲು, ಚಿಪ್ಪು ಸುಟ್ಟ ಸುಣ್ಣ,
ಸಾವಿರ ವರ್ಷದ ಉಸುಕು.

ಬಲಿಪೀಠ ಮೂಡಣಕ್ಕೆ ಎಂದು ಬರೆಸಿದರು ಮೇಡಂ.
ನನ್ನ ಟೇಪು ಒಪ್ಪಲಿಲ್ಲ:
ಗೋಡೆ ತುಸು ತೆಂಕಿಗೆ ವಾಲಿದೆ.
ಚಳಿಗಾಲದ ಸೂರ್ಯನನ್ನು ನೋಡಿ ದಾರ ಕಟ್ಟಿರಬೇಕು ಆ ಮೇಸ್ತ್ರಿ.
ಬೇಸಿಗೆಯಲ್ಲಿ ಇಲ್ಲಿ ಯಾರು ಕಲ್ಲೆತ್ತುತ್ತಾರೆ?

ನಾವು ಎತ್ತುತ್ತೇವೆ.

ಪೇಷಾವರದ ಗುಲ್ಜಮೀನ್
ಹೊಸ್ತಿಲಲ್ಲೇ ಚಪ್ಪಲಿ ಕಳಚಿ ಒಳಗಿಳಿದ.
"ಇದು ನಮಾಜಿನ ಜಾಗವಲ್ಲ ಮಾರಾಯ" ಅಂದೆ.
"ಯಾರದೋ ನಮಾಜಿನದು" ಅಂದ,
ಗುದ್ದಲಿ ಕೆಳಗಿಡದೆ.

ನಾನು, ಬೊಂದೇಲಿನ ಸಿರಿಲ್ ಲಸ್ರಾದೊ,
ವಾರವಾರ ಪೂಜೆಗೆ ಬಸ್ಸು ಹಿಡಿಯುವವ,
ಬಲಿಪೀಠದ ಮೇಲೆ ತಣ್ಣೀರ ಬಾಟಲಿ ಇಟ್ಟಿದ್ದೆ.

ಮೆಲ್ಲ ಎತ್ತಿಕೊಂಡೆ.
ಸುಣ್ಣದ ಮೇಲೆ ಒದ್ದೆ ಬಳೆಯೊಂದು.
ಅಳೆಯುವ ಮೊದಲೇ ಆರಿತು.