ಹದಿನೇಳನೆಯ ಕೋಲು

ಬಾಯಾರಿನ ಗುಡ್ಡೆಯಲ್ಲಿ ನೀರು ನಿಂತಿರುವುದಿಲ್ಲ,
ಮಲಗಿರುತ್ತದೆ.
ಬಾವಿಯವರು ಅದನ್ನು ಮೇಲಿನಿಂದ ಕರೆಯುತ್ತಾರೆ.
ನನ್ನ ಅಪ್ಪ ದೂಮಣ್ಣ
ಪಕ್ಕದಿಂದ ಹೋಗಿ ಎಬ್ಬಿಸುತ್ತಿದ್ದ.

ಒಬ್ಬ ಆಳು ಬಗ್ಗಿ ಹೋಗುವಷ್ಟು ಸುರಂಗ,
ಪಿಕ್ಕಾಸು ಹಿಂದಕ್ಕೆಳೆದರೆ ಮೊಣಕೈ ಗೋಡೆಗೆ ತಾಗಬೇಕು,
ಅದೇ ಅಗಲ. ಕೋಲಿಗೆ ಇಷ್ಟೆಂದು ಕೂಲಿ.
ಅಮ್ಮ ಮಣ್ಣು ಹೊತ್ತು ಹೊರಗೆ ಸುರಿಯುತ್ತಿದ್ದಳು,
ನಾನು ಸುರಂಗದ ಬಾಯಲ್ಲಿ ಕೂತು ಕನ್ನಡಿ ಹಿಡಿಯುತ್ತಿದ್ದೆ.

ಉಪ್ಪಳದ ಕ್ಷೌರದಂಗಡಿ ಬಿಸಾಕಿದ ಕನ್ನಡಿ, ಮೂಲೆ ಒಡೆದದ್ದು.
ಸೂರ್ಯ ಸರಿದಂತೆ ಸರಿಸಬೇಕು.
ಕಾಗೆಯನ್ನೋ ಓತಿಯನ್ನೋ ನೋಡಿ ಮೈಮರೆತರೆ
ಒಳಗಿಂದ ಕೂಗು: "ಮಗಾ, ಬಿಸಿಲು ಎಲ್ಲಿಗೆ ಹೋಯಿತು?"
ಭೂಮಿ ತಿರುಗುತ್ತದೆಂದು ಶಾಲೆಯಲ್ಲಿ ಹೇಳುವ ಮೊದಲೇ
ನನ್ನ ರಟ್ಟೆಗೆ ಗೊತ್ತಿತ್ತು.

ಐಸಾಬಿಯ ಜಾಗದಲ್ಲಿ, ಹದಿನೇಳನೆಯ ಕೋಲಿನಲ್ಲಿ
ಶೇಡಿಮಣ್ಣು ಸಿಕ್ಕಿತು.
ಬೆಳ್ಳಗೆ, ಬೆಣ್ಣೆಯ ಹಾಗೆ, ನಂಬಬಾರದ ಮಣ್ಣು.
ಸದ್ದು ದೊಡ್ಡದೇನಲ್ಲ,
ಅಕ್ಕಿಮುಡಿ ಇಳಿಸಿದ ಹಾಗೆ ಒಮ್ಮೆ ಧಪ್ ಎಂದಿತು.
ಆಮೇಲೆ ನನ್ನ ಬೆಳಕು
ಒಳಗೆ ಹೋಗಿ ಮಣ್ಣಿಗೆ ತಾಗಿ ನಿಂತಿತು.

ಅಮ್ಮ ಬೊಬ್ಬೆ ಹಾಕಲಿಲ್ಲ, ಬುಟ್ಟಿ ಕೆಳಗಿಟ್ಟು ಓಡಿದಳು.
ಐಸಾಬಿಯ ಮೂರು ಮಕ್ಕಳು ಬಂದರು,
ರಬ್ಬರ್ ಟ್ಯಾಪಿಂಗಿನ ವರ್ಕಿಚ್ಚ ಬಂದ,
ಅಂಚೆಯ ಚೀಲ ಮರಕ್ಕೆ ನೇತುಹಾಕಿ ಪೋಸ್ಟಿನ ಬಟ್ಯಣ್ಣ ಬಂದ.
ತುಳುವಿನಲ್ಲಿ ಬೈಗುಳ, ಮಲಯಾಳದಲ್ಲಿ ಲೆಕ್ಕ,
ಬ್ಯಾರಿಯಲ್ಲಿ ದೇವರು.
ನನಗೆ ಯಾರೂ ಏನೂ ಹೇಳಲಿಲ್ಲ.
ಕನ್ನಡಿ ಹಿಡಿದೇ ಇದ್ದೆ,
ಸೂರ್ಯ ಮುಳುಗಿದ ಮೇಲೂ.

ಬೆಳಗಿನ ಜಾವ ಎಳೆದು ತೆಗೆದರು. ಬದುಕಿದ್ದ.
ಮುಖಕ್ಕೆ ಬುಟ್ಟಿ ಕವುಚಿಕೊಂಡು,
ಗೋಡೆ ಒಸರಿದ್ದನ್ನು ನೆಕ್ಕಿಕೊಂಡು,
ಹನಿ ಎಣಿಸಿಕೊಂಡು.
"ಸಾವಿರದವರೆಗೆ ನನಗೆ ಬರುತ್ತದೆ,
ಮತ್ತೆ ಒಂದರಿಂದ ಸುರು ಮಾಡಿದೆ."
ಆ ರಾತ್ರಿಯ ಬಗ್ಗೆ ಇವತ್ತಿಗೂ ಅವನು ಹೇಳಿದ್ದು ಇಷ್ಟೇ.

ಬಲಗೈ ಮತ್ತೆ ಏಳಲಿಲ್ಲ.
ಚಿಮಿಣಿ ಆರಿಸಿದರೆ ಎದ್ದು ಅಂಗಳಕ್ಕೆ ಓಡುತ್ತಿದ್ದ.
ಅಮ್ಮ ಬೀಡಿ ಕಟ್ಟಿದಳು. ನಾನೂ ಕಟ್ಟಿದೆ.
ನನ್ನ ಬೀಡಿ ಸಡಿಲ, ಡಿಪೋದಿಂದ ಅರ್ಧ ವಾಪಸು.

ಮರು ವರ್ಷ ಮಾರ್ಚಿಯಲ್ಲಿ ಐಸಾಬಿ ಬಂದಳು.
ಕೊಟ್ಟ ಮುಂಗಡ ಕೇಳಲಿಲ್ಲ,
ಒಂದು ಕೊಡಪಾನ ನೀರು ಕೇಳಿದಳು. ನಮ್ಮಲ್ಲೂ ಇರಲಿಲ್ಲ.
ಅಪ್ಪ ಕನ್ನಡಿ ತೆಗೆದು ಮುಂಡಿನ ತುದಿಯಲ್ಲಿ ಒರೆಸಿದ.
ನನ್ನನ್ನು ನೋಡಲಿಲ್ಲ.
ನಾನು ಲಂಗ ಎತ್ತಿ ಕಟ್ಟಿದೆ.
"ಹೆಣ್ಣು ಹೊಕ್ಕರೆ ನೀರು ಮುನಿಯುತ್ತದೆ" ಎಂದ ಅಜ್ಜನಿಗೆ
ಅಮ್ಮ ಕೇಳಿದಳು:
"ಇಷ್ಟು ವರ್ಷ ಅದನ್ನು ಸೊಂಟದಲ್ಲಿ ಹೊತ್ತವರು ಯಾರು?"

ಶೇಡಿಯನ್ನು ಅದರ ಪಾಡಿಗೆ ಬಿಟ್ಟು ಎಡಕ್ಕೆ ಕೊರೆದೆ.
ಸುರಂಗ ತಿರುಗಿತು, ಬೆಳಕು ತಿರುಗಲಿಲ್ಲ.
ಗಂಜಿ ಉಣ್ಣುವ ಸ್ಟೀಲಿನ ಬಟ್ಟಲನ್ನು ಬೂದಿ ಹಾಕಿ ತಿಕ್ಕಿ
ತಿರುವಿನ ಗೋಡೆಗೆ ಒರಗಿಸಿದೆ.
ಅಪ್ಪನ ಕನ್ನಡಿಯಿಂದ ಬಟ್ಟಲಿಗೆ, ಬಟ್ಟಲಿಂದ ನನ್ನ ಕೈಗೆ
ಚೂರು ಬಿಸಿಲು.
ಇಪ್ಪತ್ತಮೂರನೆಯ ಕೋಲಿನಲ್ಲಿ ಮೊದಲು ವಾಸನೆ ಬಂತು.
ಆಮೇಲೆ ಕಲ್ಲು ಬೆವರಿತು.
ನಾನು ಕೂಗಲಿಲ್ಲ, ಎಣಿಸಿದೆ.

ಈಗ ಗುಡ್ಡೆ ತುಂಬ ಬೋರ್‌ವೆಲ್ಲು.
ಹೂಳು ತುಂಬಿದ ಹಳೆಯ ಸುರಂಗಗಳಿಗೆ ನನ್ನನ್ನು ಕರೆಯುತ್ತಾರೆ,
ಉಳಿದ ದಿನ ತೊಳಿಲುರಪ್ಪಿನ ಕೆಲಸ.
ಪಂಚಾಯತಿನ ಫಾರಂ ಮಲಯಾಳದಲ್ಲಿ.
ಉದ್ಯೋಗ ಏನೆಂದು ಗುಮಾಸ್ತ ಎರಡು ಸಲ ಕೇಳಿ
'ಇತರ' ಎಂದು ಬರೆದ.
ಆ ಕಾಲಮ್ಮಿಗಿಂತ ಸುರಂಗವೇ ಅಗಲ.

ನನ್ನ ಹಣೆಯಲ್ಲಿ ಬ್ಯಾಟರಿ ದೀಪವಿದೆ. ಅಪ್ಪನಿಗೆ ಹೇಳಿಲ್ಲ.
ಪಾದರಸ ಉದುರಿದ ಕನ್ನಡಿ ಹಿಡಿದು ಅವನು ಹೊರಗೆ ಕೂರುತ್ತಾನೆ.
ಮೋಡ ಬಂದು ಬಿಸಿಲು ಹೋದರೆ ತಾನೇ ಕೂಗುತ್ತಾನೆ:
"ಮಗಾ, ಮೋಡ ಅದು. ಮಣ್ಣಲ್ಲ."
ಗೊತ್ತು ಎನ್ನುತ್ತೇನೆ.
ಗೊತ್ತಿದ್ದೂ ದೀಪ ಆರಿಸಿ,
ಪಿಕ್ಕಾಸು ಕೆಳಗಿಟ್ಟು,
ಕಾಯುತ್ತೇನೆ.